ಎಡಗಿವಿಯ ಸೋರಿಕೆ

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕಿನ ಮುಂಭಾಗದಲ್ಲಿ ನಾನು ಹಾರ್ಮೋನಿಯಂಗಳ ಕಾಯಿಲೆ ಬರೆದಿಡುತ್ತೇನೆ: ಯಾವ ಪೆಟ್ಟಿಗೆ, ಯಾವ ಮನೆ ಏಳುತ್ತಿಲ್ಲ, ಯಾವ ಸ್ವರಕ್ಕೆ ನೆಗಡಿ. ಇವತ್ತಿನಿಂದ ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದಲೂ ಬರೆಯುತ್ತೇನೆ. ಇವತ್ತು ಆದದ್ದು ಗಿರಾಕಿಗಳ ಕಣ್ಣಿಗೆ ಬೀಳಬಾರದು, ಅದಕ್ಕೆ.

ಸಂಗೀತದ ಮೇಡಂ ಹೋದ ತಿಂಗಳು ತಮ್ಮ ಶಾಲೆಯ ಪೆಟ್ಟಿಗೆ ತಂದುಕೊಟ್ಟಿದ್ದರು. ದೂರು ಒಂದೇ. ನಡುವಿನ ಒಂದು ಮನೆ, ಅಂದರೆ ಬೆರಳಿಡುವ ಪಟ್ಟಿ, ಒತ್ತಿದರೆ ಕೂತೇ ಬಿಡುತ್ತದೆ. ಒಂದು ಪೆಟ್ಟಿಗೆಯಲ್ಲಿ ಮೂವತ್ತೇಳು ಮನೆ; ಎಲ್ಲ ಮನೆಯಲ್ಲೂ ದನಿ ಏರಿಸುವವರು ಇದ್ದೇ ಇರುತ್ತಾರೆ, ಒಂದು ಮನೆಯವರು ಸುಮ್ಮನೆ ಕೂತರೆ ಕೂರಲಿ ಅನ್ನಬಹುದಿತ್ತು. ಅನ್ನಲಿಲ್ಲ. ಹತ್ತು ನಿಮಿಷದಲ್ಲಿ ಎಬ್ಬಿಸಿದೆ.

ತೊಂದರೆ ಆಮೇಲೆ. ಯಾವ ಪೆಟ್ಟಿಗೆಯನ್ನೂ ಸೋರಿಕೆ ನೋಡದೆ ನಾನು ಹೊರಗೆ ಬಿಡುವುದಿಲ್ಲ. ಒಂದು ಮೊಳ ರಬ್ಬರ್ ಕೊಳವೆ. ಒಂದು ತುದಿ ನನ್ನ ಎಡಗಿವಿಯೊಳಗೆ, ಇನ್ನೊಂದು ತುದಿ ಗಾಳಿ ತುಂಬುವ ತಿದಿಯ ಅಂಚಿನ ಮೇಲೆ ಇಂಚಿಂಚಾಗಿ. ಚರ್ಮದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಮೂವತ್ತೊಂದು ವರ್ಷದಿಂದ ಇದೇ ಪದ್ಧತಿ, ಇದೇ ಕಿವಿ. ಇವತ್ತೂ ಕೇಳಿತು. ಶ್... ಶ್... ಶ್... ಆದರೆ ತೂತು ಎಲ್ಲಿ ಅಂತ ಸಿಗಲಿಲ್ಲ. ಎಲ್ಲ ಅಂಚಿನಲ್ಲೂ ಒಂದೇ ಸಮ. ಮೂರು ಸಲ ಬಿಚ್ಚಿದೆ, ಮೂರು ಸಲ ಮುಚ್ಚಿದೆ.

ಅಷ್ಟರಲ್ಲಿ ಮೇಡಂ ಬಂದರು. ಎಂದಿನ ಹಾಗೆ ಕೌಂಟರಿನ ಬಲತುದಿಗೆ ನಡೆದುಹೋಗಿ ಮುಖ ಅರ್ಧ ಓರೆ ಮಾಡಿ ನಿಂತರು. ಇಪ್ಪತ್ತು ವರ್ಷದಿಂದ ಹೀಗೇ. ಎದುರು ನಿಂತು ಮಾತಾಡಿದರೆ ಗತ್ತು ಸವೆಯುತ್ತದೇನೋ.

"ಮನೆ ಎದ್ದಿದೆಯಲ್ಲ, ಕೊಡಿ ಮತ್ತೆ."

"ಮನೆ ಎದ್ದಿದೆ ಮೇಡಂ. ಪೆಟ್ಟಿಗೆ ಸೋರ್ತಿದೆ."

"ನಮ್ಮ ಮೊದಲನೇ ಕ್ಲಾಸಿನ ಮಕ್ಕಳಿಗಿಂತ ಜಾಸ್ತಿ ಸೋರುತ್ತಾ? ಕೊಡೀಂದ್ರೆ. ಮೇ ತಿಂಗಳಲ್ಲಿ ಶಾಲೆಯ ಗಾಯನ ಇದೆ."

ಕೊಡಲಿಲ್ಲ. ತಿದಿ ತಿದ್ದುವುದು ನನ್ನ ಕಸುಬು. ಮಂದಿಯನ್ನು ತಿದ್ದುವುದು ಹವ್ಯಾಸ.

ಸಂಜೆ ಅಂಗಡಿಯ ಹಿಂದಿನ ನಮ್ಮ ಮನೆಯಿಂದ ಇವಳು, ನನ್ನ ಹೆಂಡತಿ, ಏನೋ ಗುನುಗುತ್ತ ಬಂದಳು. "ಕೂದಲೆಳೆಯಷ್ಟು ಕೆಳಗಿದೆ" ಅಂದೆ. ನಿಲ್ಲಿಸಿದಳು. ಅಂಗಡಿ ಶಾಂತವಾಯಿತು, ಕೆಲಸ ಸಾಗಿತು.

ಮಾರ್ಚ್ 6, ಗುರುವಾರ

ಮೇಡಂ ಪೆಟ್ಟಿಗೆಗೆ ಹೊಸ ಚರ್ಮ, ಹೊಸ ಅಂಟು. ಇನ್ನೂ ಸೋರುತ್ತಿದೆ. ಅನುಮಾನ ಬಂದು ಸಾಲಾಗಿಟ್ಟಿದ್ದ ಉಳಿದ ಐದು ಪೆಟ್ಟಿಗೆಗಳಿಗೂ ಕೊಳವೆ ಹಿಡಿದೆ. ಐದೂ ಸೋರುತ್ತಿವೆ! ಒಂದರಲ್ಲಂತೂ ತಿದಿ ಒತ್ತುವ ಮೊದಲೇ ಸೋರಿಕೆ. ಒಳಗೆ ಉಳಿದಿದ್ದ ಗಾಳಿ ಇರಬೇಕು.

ಸಾಂಕ್ರಾಮಿಕ. ಈ ಸಲದ ಚರ್ಮವೇ ಸರಿಯಿಲ್ಲ. ಚರ್ಮದ ವ್ಯಾಪಾರಿಗೆ ಒಂದು ಪತ್ರ ಬರೆದೆ: "ತಾವು ಕಳಿಸಿದ ಚರ್ಮ ತಮ್ಮ ಚರ್ಮದಷ್ಟು ದಪ್ಪವಾಗಿದ್ದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ." ಕಾಲೇಜಿನಲ್ಲಿ ಸಾಹಿತ್ಯ ಓದಿದ್ದು ಹೀಗೆ ಅಪರೂಪಕ್ಕೆ ಉಪಯೋಗಕ್ಕೆ ಬರುತ್ತದೆ.

ಕೊಳವೆ ಇಲ್ಲದಾಗಲೂ ಎಲ್ಲಿಂದಲೋ ಸಣ್ಣಗೆ ಶ್ ಅನ್ನುತ್ತಿರುತ್ತದೆ. ಫ್ರಿಜ್ಜು. ಇವಳ ಕೈಲಿ ಹಿತ್ತಲ ಕೋಣೆಗೆ ತಳ್ಳಿಸಿದೆ. ಅವಳು ಏನೋ ಅಂದಳು, ಗಮನವಿಟ್ಟು ಕೇಳಲಿಲ್ಲ.

ಮಾರ್ಚ್ 9, ಭಾನುವಾರ

ಇವತ್ತಿನದ್ದನ್ನು ಹೇಗೆ ಬರೆಯಲಿ?

ಇವಳಿಗೆ ವಾರದ ರಜೆ. ಇವಳು ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಸಾವಿರಾರು ಜನ ಇವಳ ಮಾತು ಕೇಳಿದ ಕೂಡಲೇ ಗಂಟುಮೂಟೆ ಹೊತ್ತು ಓಡುತ್ತಾರೆ. ಮನೆಯಲ್ಲಿ ಇರುವ ಒಬ್ಬ ಪ್ರಯಾಣಿಕ ಮಾತ್ರ ಕೂತಲ್ಲೇ ಕೂತಿರುತ್ತಾನೆ ಅಂತ ಅವಳ ದೂರು.

ಬೆಳಿಗ್ಗೆ ಅಂಗಡಿಗೆ ಬಂದು, ಬಿಚ್ಚಿ ಹಾಕಿದ ಆರು ಪೆಟ್ಟಿಗೆ ನೋಡಿದಳು. ಮೂಲೆಯಲ್ಲಿದ್ದ ಚಪ್ಪಲಿ ಡಬ್ಬಿಯನ್ನು ತಂದು ನನ್ನ ಮುಂದೆ ಇಟ್ಟಳು.

"ಇದು ಸೋರುತ್ತಾ ನೋಡಿ."

"ಹುಚ್ಚಾ ನಿನಗೆ?"

"ನೋಡಿ ಅಂದೆ."

ನಗುತ್ತ ಕೊಳವೆ ಹಿಡಿದೆ. ನಗು ಅರ್ಧಕ್ಕೆ ನಿಂತಿತು. ಖಾಲಿ ಚಪ್ಪಲಿ ಡಬ್ಬಿ ಸೋರುತ್ತಿತ್ತು. ಮೇಜು ಸೋರುತ್ತಿತ್ತು. ಗೋಡೆ ಸೋರುತ್ತಿತ್ತು. ಇವಳು ಕೊಳವೆಯನ್ನು ಕಿತ್ತು ನನ್ನ ಬಲಗಿವಿಗೆ ತುರುಕಿದಳು. ಗೋಡೆ ಗಪ್‌ಚಿಪ್.

ಆಮೇಲೆ ಒಂದು ತುದಿ ತನ್ನ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ನನ್ನ ಎಡಗಿವಿಯ ಹಿಂದಿನ ಮೂಳೆಯ ಮೇಲೆ ಒತ್ತಿದಳು. ಕಣ್ಣು ಮುಚ್ಚಿ ಕೇಳಿದಳು.

"ಏನೇ?"

"ಶ್..." ಅಂದಳು. ಸುಮ್ಮನಿರಲು ಹೇಳುತ್ತಿದ್ದಾಳೆ ಅಂದುಕೊಂಡೆ. ಮತ್ತೆ "ಶ್... ಶ್... ಶ್..." ಅಂದಳು, ನನ್ನ ಮಣಿಕಟ್ಟಿನ ನಾಡಿ ಹಿಡಿದುಕೊಂಡು, ಅದಕ್ಕೆ ಸರಿಯಾಗಿ ತಾಳ ಹಾಕುತ್ತ. "ನನಗೂ ಕೇಳ್ತಿದೆ ರೀ. ನಿಮ್ಮ ತಲೆಯೊಳಗಿಂದ ಬರ್ತಿದೆ."

ಆರೂ ಪೆಟ್ಟಿಗೆಗಳು ನಿರಪರಾಧಿಗಳು. ಸೋರುತ್ತಿರುವ ಪೆಟ್ಟಿಗೆ ಏಳನೆಯದು, ನನ್ನ ಕುತ್ತಿಗೆಯ ಮೇಲಿದೆ.

ಮಾರ್ಚ್ 12, ಬುಧವಾರ

ಕಿವಿ ಡಾಕ್ಟರು ಸ್ಟೆತಸ್ಕೋಪನ್ನು ಕಿವಿಯ ಹಿಂದೆ ಇಟ್ಟು ಹುಬ್ಬು ಮೇಲೇರಿಸಿದರು. ಹೊರಗೆ ಹೋಗಿ ಇನ್ನಿಬ್ಬರು ಡಾಕ್ಟರನ್ನು ಕರೆದುಕೊಂಡು ಬಂದರು. ಅವರೂ ಸಾಲಿನಲ್ಲಿ ನಿಂತು ಕೇಳಿದರು. ನನ್ನ ಜೀವಮಾನದ ಮೊದಲ ಕಛೇರಿ, ತುಂಬಿದ ಸಭೆ.

"ಎಷ್ಟು ದಿನದಿಂದ ಇದೆ?"

"ಫ್ರಿಜ್ ತಂದಾಗಿನಿಂದ" ಅಂದೆ.

ಅವರು ಕಿವಿಯ ಹಿಂದೆ ಒಂದು ಜಾಗದಲ್ಲಿ ಬೆರಳಿನಿಂದ ಒತ್ತಿದರು. ಸದ್ದು ನಿಂತೇ ಹೋಯಿತು. ಮನೆ ಒತ್ತಿದರೆ ಸ್ವರ ಹೊರಡುವುದು ಗೊತ್ತಿತ್ತು. ಒತ್ತಿದರೆ ಸ್ವರ ನಿಲ್ಲುವ ಪೆಟ್ಟಿಗೆ ಇದೇ ಮೊದಲು. ಬೆರಳು ತೆಗೆದರೆ ಮತ್ತೆ ಶ್.

ಕಿವಿ ಚೆನ್ನಾಗಿದೆಯಂತೆ. ಸದ್ದು ಕಿವಿಯದ್ದಲ್ಲ, ಕಿವಿಯ ಹಿಂದಿನ ರಕ್ತನಾಳದ್ದು. "ತಲೆಯ ಸ್ಕ್ಯಾನ್ ಮಾಡಿಸಿ. ತಡ ಮಾಡ್ಬೇಡಿ" ಅಂದರು. "ತಡ ಮಾಡ್ಬೇಡಿ" ಅನ್ನುವುದನ್ನು ಇವಳಿಗೆ ಹೇಳಿದರು, ನನಗಲ್ಲ. ಅನುಭವಸ್ಥರು.

ಮಾರ್ಚ್ 18, ಮಂಗಳವಾರ

ಸ್ಕ್ಯಾನಿನ ಸುರಂಗ. ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಒಳಗೆ ಗುದ್ದಲಿ, ಗರಗಸ, ರೊಟ್ಟಿ ಬಡಿಯುವ ಸದ್ದು ಒಟ್ಟೊಟ್ಟಿಗೆ. ನಡುನಡುವೆ ಒಂದು ಉದ್ದನೆಯ ಗುಂಯ್‌ಗುಡುವಿಕೆ. ಹೊರಗೆ ಬಂದ ಮೇಲೆ ತಂತ್ರಜ್ಞನಿಗೆ "ನಿಮ್ಮ ಯಂತ್ರದ ಷಡ್ಜ ಸ್ವಲ್ಪ ಕೆಳಗಿದೆ" ಅಂದೆ. ಅವನು ಇವಳ ಕಡೆ ನೋಡಿದ. ಇವಳು "ತಲೆಯದ್ದೇ ತೊಂದರೆ ಅಂತ ಬಂದಿರೋದು" ಅಂದಳು.

ಮಾರ್ಚ್ 27, ಗುರುವಾರ

ಬಲ ಮಣಿಕಟ್ಟಿನಲ್ಲಿ ಬ್ಯಾಂಡೇಜು, ಅಕ್ಷರ ಕೋಳಿಕಾಲು. ಆದರೂ ಬರೆಯಬೇಕು.

ಸ್ಕ್ಯಾನಿನಲ್ಲಿ ಏನೋ ಕಂಡು, ಅದನ್ನು ಖಚಿತ ಮಾಡಲು ಇವತ್ತು ಮಣಿಕಟ್ಟಿನ ರಕ್ತನಾಳದಿಂದ ಕೂದಲಿನಂಥ ಕೊಳವೆ ತೂರಿಸಿ, ಎದೆ ಹಾಯಿಸಿ, ಕುತ್ತಿಗೆಗೆ ಏರಿಸಿ, ಬಣ್ಣ ಬಿಟ್ಟು ಚಿತ್ರ ತೆಗೆದರು. ನಾನು ಎಚ್ಚರವಾಗೇ ಇದ್ದೆ. ಮಾಡಿದವರು ಒಬ್ಬ ಗಿಡ್ಡನೆಯ ಹೆಂಗಸು, ದಪ್ಪ ಸೀಸದ ಕೋಟಿನೊಳಗೆ ಮುಕ್ಕಾಲು ಪಾಲು ಮುಳುಗಿದ್ದರು. ತಂತಿ ಡಾಕ್ಟರು ಅಂತ ಹೆಸರಿಟ್ಟಿದ್ದೇನೆ. ಅವರ ಬೆರಳು ನೋಡಿದೆ: ತಂತಿಯನ್ನು ದೂಡುತ್ತಿರಲಿಲ್ಲ, ಹೊಸೆಯುತ್ತಿದ್ದರು, ಸ್ವಲ್ಪ ಹೋಗಿ ನಿಲ್ಲುತ್ತಿದ್ದರು. ಕೈಕೆಲಸ ಬಲ್ಲವರು.

"ಈಗ ಮುಖ ಬಿಸಿ ಆಗುತ್ತೆ" ಅಂದರು. ಎಡಗಣ್ಣಿನ ಹಿಂದೆ ಯಾರೋ ಒಲೆ ಹಚ್ಚಿದ ಹಾಗಾಯಿತು. ಪರದೆಯ ಮೇಲೆ ಒಂದು ಕಪ್ಪು ಮರ ಚಿಗುರಿತು: ಕಾಂಡ, ಕೊಂಬೆ, ರೆಂಬೆ. ಕಿವಿಯ ಹಿಂದೆ ಮಾತ್ರ ಕೊಂಬೆಗಳೆಲ್ಲ ಜಡೆಗಟ್ಟಿ ಸಿಕ್ಕಾಗಿತ್ತು.

ಆಮೇಲೆ ನನ್ನನ್ನೂ ಇವಳನ್ನೂ ಕೂರಿಸಿ ವಿವರಿಸಿದರು. ಹೃದಯದಿಂದ ರಭಸವಾಗಿ ಬರುವ ರಕ್ತ ಕೂದಲಿಗಿಂತ ಸಣ್ಣ ನಾಳಗಳ ಜಾಲರಿಯಲ್ಲಿ ಹರಡಿ, ಸುಸ್ತಾಗಿ, ಸಾವಧಾನವಾಗಿ ವಾಪಸಾಗುವ ನಾಳಕ್ಕೆ ಸೇರಬೇಕು. ನನ್ನಲ್ಲಿ ಒಂದು ಕಡೆ ಜಾಲರಿಯೇ ಇಲ್ಲ. ಹೋಗುವ ನಾಳ ಬರುವ ನಾಳಕ್ಕೆ ನೇರ ಬಾಯಿ ಹಾಕಿದೆ.

"ಅಂದ್ರೆ ತಿದಿಯ ಗಾಳಿ ಸ್ವರ ನುಡಿಸೋ ಹಿತ್ತಾಳೆ ಪಟ್ಟಿಗೆ ಹೋಗದೆ ನೇರ ಹೊರಗೆ ಬಿದ್ದ ಹಾಗೆ."

"ನಿಮ್ಮ ಕೆಲಸ ಏನು?"

ಹೇಳಿದೆ. ತಂತಿ ಡಾಕ್ಟರು ಖುಷಿಯಾದರು. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ವಾಪಸ್ ಬರೋ ನಾಳದ ಗೋಡೆ ತೆಳು, ಅಷ್ಟು ಒತ್ತಡ ತಡೆಯೋಕೆ ಮಾಡಿದ್ದಲ್ಲ. ನಿಮ್ಮಲ್ಲಿ ರಕ್ತ ಹಿಂದಕ್ಕೆ ತಿರುಗಿ ಮೆದುಳಿನ ಮೇಲಿರೋ ನಾಳಕ್ಕೂ ನುಗ್ಗುತ್ತಿದೆ. ಅದು ಉಬ್ಬಿದೆ. ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ. ಹೀಗಿರೋ ನೂರು ಜನರಲ್ಲಿ ಏಳೆಂಟು ಜನಕ್ಕೆ ಒಂದು ವರ್ಷದೊಳಗೆ ಆಗಿಬಿಡುತ್ತೆ."

ರಕ್ತಸಂಬಂಧ ಇಷ್ಟು ಹತ್ತಿರವಾದರೆ ಹೀಗೇ ಅಂದೆ. ಯಾರೂ ನಗಲಿಲ್ಲ.

ಚಿಕಿತ್ಸೆ ಇದೆ. ಇದೇ ದಾರಿಯಲ್ಲಿ ಕೊಳವೆ ಕಳಿಸಿ ಆ ಸಿಕ್ಕಿನೊಳಗೆ ಅಂಟು ತುಂಬಿ ಮುಚ್ಚುವುದು. ತಲೆ ಬಿಚ್ಚಬೇಕಾಗಿಲ್ಲ. "ಆದ್ರೆ ಒಂದು ಮಾತು. ಆ ಸಿಕ್ಕಿಗೆ ರಕ್ತ ಕೊಡೋ ರೆಂಬೆಗಳಲ್ಲಿ ಒಂದು ಮುಖದ ನರಕ್ಕೂ ಕಿವಿಗೂ ಹೋಗುತ್ತೆ. ಅಂಟು ಅಲ್ಲಿಗೆ ಜಾರಿದರೆ ಬಾಯಿ ಸೊಟ್ಟ ಆಗಬಹುದು, ಎಡಗಿವಿ ಹೋಗಬಹುದು. ಪಾರ್ಶ್ವವಾಯುವಿನ ಅಪಾಯವೂ ಸ್ವಲ್ಪ ಇದೆ. ಸಾಧ್ಯತೆ ಕಡಿಮೆ. ಇಲ್ಲ ಅಂತ ನಾನು ಹೇಳಲಾರೆ."

ಉಳಿದದ್ದೆಲ್ಲ ದೂರದಿಂದ ಕೇಳಿಸಿತು. ಎಡಗಿವಿ ಹೋಗಬಹುದು.

ಮಾರ್ಚ್ 28, ಶುಕ್ರವಾರ

ತಮಾಷೆ ಇಲ್ಲ.

ಏಪ್ರಿಲ್ 2, ಬುಧವಾರ

ಚಿಕಿತ್ಸೆ ಬೇಡ ಅಂತ ಇವಳಿಗೆ ಹೇಳಿದೆ. ನೂರರಲ್ಲಿ ತೊಂಬತ್ತೆರಡು ಜನ ಆರಾಮಾಗಿರುತ್ತಾರಲ್ಲ. ಸ್ವರ ಕೂಡಿಸುವವನು ಎಡಗಿವಿ ಕಳೆದುಕೊಂಡರೆ ಉಳಿಯುವುದು ಏನು? ಮರಗೆಲಸ. ಇವಳು "ಸರಿ" ಅಂದಳು. ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದಳು.

ಅಂಗಡಿಯಲ್ಲಿ ಕೂರಲಾಗಲಿಲ್ಲ. ಕೊಳವೆ ಮುಟ್ಟಲೂ ಭಯ. ಸುಮ್ಮನೆ ನಡೆದು ಬಸ್ ನಿಲ್ದಾಣ ತಲುಪಿ ಬೆಂಚಿನ ಮೇಲೆ ಕೂತೆ. ನಾನು ಅಲ್ಲಿ ಕೂತು ಎಷ್ಟೋ ವರ್ಷವಾಗಿತ್ತು. ಮೇಲೆ ಧ್ವನಿವರ್ಧಕದಲ್ಲಿ ಇವಳ ದನಿ. ಎಂಥ ದನಿ! ಒಂದು ಅಕ್ಷರ ನುಂಗುವುದಿಲ್ಲ, ಸಾಲಿನ ಕೊನೆಗೆ ಬೀಳುವುದಿಲ್ಲ. "ಪ್ರಯಾಣಿಕರ ಗಮನಕ್ಕೆ" ಅಂದಾಗ ಗದ್ದಲ ಅರ್ಧ ಇಳಿಯುತ್ತದೆ. ಪಕ್ಕದಲ್ಲಿದ್ದ ಮುದುಕಿ "ಈಯಮ್ಮ ಹೇಳಿದ್ರೆ ನನಗೆ ಧೈರ್ಯ, ಕಣ್ಣು ಕಾಣದಿದ್ರೂ ಬಸ್ ಸಿಗುತ್ತೆ" ಅಂದಳು. ನನ್ನ ಹೆಂಡತಿ ಅಂತ ಹೇಳಬೇಕೆನಿಸಿತು, ಹೇಳಲಿಲ್ಲ.

ಹನ್ನೊಂದೂವರೆಗೆ ಆದದ್ದು. "ಆರನೇ ಅಂಕಣದಿಂದ ಹೊರಡುವ ಬಸ್ಸು..." ಅಂತ ಶುರುಮಾಡಿದಳು, ನಿಂತಳು. ಉಸಿರಾಟ ಮಾತ್ರ ಕೇಳಿಸುತ್ತಿತ್ತು, ನಿಲ್ದಾಣದ ತುಂಬ. ಆಮೇಲೆ "ಕ್ಷಮಿಸಿ, ಒಂಬತ್ತನೇ ಅಂಕಣ" ಅಂದಳು. ಅಷ್ಟರಲ್ಲಿ ಆರಕ್ಕೆ ಓಡಿದ್ದವರೆಲ್ಲ ಗೊಣಗುತ್ತ ಒಂಬತ್ತಕ್ಕೆ ಓಡಿದರು. ಹತ್ತೊಂಬತ್ತು ವರ್ಷದಲ್ಲಿ ಅವಳು ಅಂಕಣ ತಪ್ಪಿದ್ದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದರೆ, ಕೇಳಿಯೂ ಇಲ್ಲ.

ಅವಳಿಗೆ ಕಾಣದ ಹಾಗೆ ಎದ್ದು ಬಂದೆ.

ಏಪ್ರಿಲ್ 5, ಶನಿವಾರ

ಮೇಡಂ ಬಂದರು. ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಪಣೆ ಒಪ್ಪಿಸಿದೆ: ನಿಮ್ಮ ಪೆಟ್ಟಿಗೆ ಸೋರುತ್ತಲೇ ಇರಲಿಲ್ಲ, ಸೋರಿದ್ದು ನಾನು, ಒಳ್ಳೆಯ ಚರ್ಮ ಕಿತ್ತು ಹೊಸದು ಹಾಕಿದೆ, ಮೂರ್ನಾಲ್ಕು ಸಲ ಬಿಚ್ಚಿ ಮುಚ್ಚಿದ್ದರಿಂದ ಈಗ ನಿಜವಾಗಿಯೂ ಎಲ್ಲೋ ಸೋರುತ್ತಿರಬಹುದು, ಆದರೆ ಎಡಗಿವಿಗೆ ಕೊಳವೆ ಹಿಡಿಯುವ ಹಾಗಿಲ್ಲ, ಬಲಗಿವಿಗೆ ಅಭ್ಯಾಸವಿಲ್ಲ. ಚಿಕಿತ್ಸೆ, ಅಂಟು, ಅಪಾಯ ಎಲ್ಲ ಬಾಯಿಂದ ಬಿದ್ದುಹೋಯಿತು. "ಒಂದು ಕಿವಿಯಲ್ಲಿ ಸಂಗೀತ ಮಾಡೋಕಾಗುತ್ತಾ ಮೇಡಂ, ನೀವೇ ಹೇಳಿ?"

ಅವರು ಕೌಂಟರಿನ ಬಲತುದಿಯಲ್ಲೇ, ಮುಖ ಓರೆ ಮಾಡಿಕೊಂಡು ನಿಂತಿದ್ದರು. ನಿಧಾನಕ್ಕೆ ಈ ಕಡೆ ನಡೆದು ಬಂದು, ನನ್ನ ಎಡಕ್ಕೆ ನಿಂತು, "ಈಗ ಏನಾದರೂ ಹೇಳಿ, ಪಿಸುದನಿಯಲ್ಲಿ" ಅಂದರು.

"ಏನು ಹೇಳಲಿ?" ಅಂತ ಪಿಸುಗುಟ್ಟಿದೆ.

"ಹೇಳಿದ್ರಾ? ನನಗೆ ಕೇಳಿಸಲಿಲ್ಲ. ಈ ಕಿವಿ ಹುಟ್ಟಿದಾಗಿನಿಂದ ಕಿವುಡು."

ನಾನು ಕೌಂಟರಿನ ಬಲತುದಿಯ ಕಡೆ ನೋಡಿದೆ.

"ಅಲ್ಲಾ ಸ್ವಾಮಿ, ಇಪ್ಪತ್ತು ವರ್ಷದಿಂದ ಆ ಮೂಲೆಗೆ ಹೋಗಿ ನಿಲ್ತೀನಲ್ಲ, ಏನಂದುಕೊಂಡಿದ್ರಿ?"

"ಗತ್ತು ಅಂದುಕೊಂಡಿದ್ದೆ."

ಅವರು ನಕ್ಕ ನಗುವಿಗೆ ಸಾಲಾಗಿಟ್ಟಿದ್ದ ಪೆಟ್ಟಿಗೆಗಳೆಲ್ಲ ಸಣ್ಣಗೆ ಮಿಡಿದವು. "ನಲವತ್ತು ಮಕ್ಕಳಲ್ಲಿ ಅಪಸ್ವರ ಹಾಡೋದು ಯಾರು ಅಂತ ಈ ಒಂದೇ ಕಿವಿಯಲ್ಲಿ ಹಿಡೀತೀನಿ. ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ, ಅದಕ್ಕೆ ಸಾಲಿನ ಮಧ್ಯೆ ಓಡಾಡ್ತೀನಿ. ಮಕ್ಕಳು ನಾನು ಬಹಳ ಕಟ್ಟುನಿಟ್ಟು ಅಂತ ಹೆದರ್ತಾರೆ. ಹೆದರಲಿ ಬಿಡಿ."

ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತರು. "ಒಂದು ಕಿವಿಯವರು ಬದುಕಿದ್ದಾರೆ. ತಲೆಯಲ್ಲಿ ರಕ್ತನಾಳ ಒಡೆದವರ ವಿಷಯ ನನಗೆ ಗೊತ್ತಿಲ್ಲಪ್ಪ. ಪೆಟ್ಟಿಗೆ ನಿಮ್ಮ ಹತ್ತಿರಾನೇ ಇರಲಿ, ವಾಪಸ್ ಬಂದು ರಿಪೇರಿ ಮಾಡಿ. ಗಾಯನ ಮೇ ಹನ್ನೆರಡಕ್ಕೆ."

ಏಪ್ರಿಲ್ 6, ಭಾನುವಾರ

ಇವಳಿಗೆ "ಮಾಡಿಸಿಕೊಳ್ತೀನಿ" ಅಂದೆ. ಪಾತ್ರೆ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಬುಧವಾರ ನಿಲ್ದಾಣಕ್ಕೆ ಬಂದಿದ್ರಲ್ಲ" ಅಂದಳು.

"ನಿನಗೆ ಹೇಗೆ ಗೊತ್ತು?"

"ನನ್ನ ಕಿಟಕಿಯಿಂದ ಎಲ್ಲ ಬೆಂಚೂ ಕಾಣುತ್ತೆ. ನಿಮ್ಮನ್ನ ನೋಡಿದ್ದಕ್ಕೇ ಅಂಕಣ ತಪ್ಪಿದ್ದು."

ಏಪ್ರಿಲ್ 10, ಗುರುವಾರ

ತಂತಿ ಡಾಕ್ಟರ ಜೊತೆ ಅಂಟಿನ ಬಗ್ಗೆ ಅರ್ಧ ಗಂಟೆ. ಇದು ಇಬ್ಬರು ಕುಶಲಕರ್ಮಿಗಳ ಮಾತುಕತೆ. ಕೇಳಿದೆ: ಬಿಸಿ ಅಂಟೋ ತಣ್ಣನೆಯದೋ? ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ? ಕುಗ್ಗುತ್ತದೆಯೇ? ಅವರು ಒಂದಕ್ಕೂ ಬೇಸರಿಸಲಿಲ್ಲ. ಕಪ್ಪಗಿರುತ್ತದಂತೆ, ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತದಂತೆ. ಸ್ವಲ್ಪ ಬಿಡಬೇಕು, ನಿಲ್ಲಬೇಕು, ಒಂದೆರಡು ನಿಮಿಷ ಕಾಯಬೇಕು, ಮತ್ತೆ ಬಿಡಬೇಕು.

"ಅವಸರ ಮಾಡಿದ್ರೆ ಬೇಡದ ಸಂದಿಗೆ ನುಗ್ಗುತ್ತೆ" ಅಂದೆ.

"ಅದೇ. ಅದಕ್ಕೇ ನಾನು ಅವಸರ ಮಾಡಲ್ಲ. ಕಿವಿಯ ರೆಂಬೆಯಿಂದ ದೂರವೇ ನಿಲ್ತೀನಿ. ಆ ಕಡೆ ಹೋಗ್ತಿದೆ ಅನಿಸಿದ್ರೆ ನಿಲ್ಲಿಸಿಬಿಡ್ತೀನಿ, ಇನ್ನೊಂದು ದಿನ ಇನ್ನೊಂದು ದಾರಿ ಹುಡುಕ್ತೀನಿ. ನೀವು ಪೆಟ್ಟಿಗೆ ಅಂಟಿಸುವಾಗ ಏನು ಮಾಡ್ತೀರಿ?"

"ಉಸಿರು ಹಿಡ್ಕೊಳ್ತೀನಿ."

"ನಾನೂ" ಅಂದರು.

ನಮ್ಮಿಬ್ಬರ ನಡುವೆ ಅಂಟಿನ ನಂಟು ಬೆಳೆಯಿತು. ಹದಿನಾರಕ್ಕೆ ದಿನ ನಿಗದಿಯಾಗಿದೆ.

ಏಪ್ರಿಲ್ 15, ಮಂಗಳವಾರ

ಆಸ್ಪತ್ರೆಯ ಹಾಸಿಗೆ. ನಾಳೆ ಬೆಳಿಗ್ಗೆ ಎಂಟಕ್ಕೆ. ಚರ್ಮದ ವ್ಯಾಪಾರಿಗೆ ಇನ್ನೊಂದು ಪತ್ರ ಬರೆದು ಇವಳ ಕೈಗೆ ಕೊಟ್ಟೆ: "ತಮ್ಮ ಚರ್ಮ ನಿರ್ದೋಷಿ. ಎರಡೂ." ಓದಿ ನಕ್ಕಳು. ಅವಳು ನಗುವಾಗ ಮೊದಲು ಮೂಗಿನಿಂದ ಸಣ್ಣದೊಂದು ಗಾಳಿ ಬರುತ್ತದೆ, ಆಮೇಲೆ ದನಿ. ತಿದಿ ಮೊದಲು, ಸ್ವರ ಆಮೇಲೆ. ಎಲ್ಲರೂ ಹೀಗೇ ನಗುತ್ತಾರೋ ಏನೋ.

ಎಡಗಿವಿಯನ್ನು ದಿಂಬಿನಿಂದ ಮೇಲಿಟ್ಟು ಮಲಗಿದ್ದೇನೆ. ಪಕ್ಕದ ಹಾಸಿಗೆಯವರು ತಮ್ಮ ಮೊಮ್ಮಗಳ ಕಥೆ ಹೇಳುತ್ತಿದ್ದಾರೆ. ಅವಳು ಹಲ್ಲು ಬಿದ್ದಾಗ ಅದನ್ನು ಗಿಡವಾಗುತ್ತೆ ಅಂತ ಕುಂಡದಲ್ಲಿ ನೆಟ್ಟಳಂತೆ. ದಿನಾ ನೀರು ಹಾಕುತ್ತಾಳಂತೆ.

ಏಪ್ರಿಲ್ 17, ಗುರುವಾರ

ಇದ್ದೇನೆ.

ಏಪ್ರಿಲ್ 18, ಶುಕ್ರವಾರ

ಕೈ ಕಾಲು ಆಡುತ್ತವೆ. ಬಾಯಿ ಸೊಟ್ಟಗಾಗಿಲ್ಲ; ದಾದಿ ನಗಿಸಿ ನೋಡಿದಳು, ಊದಿಸಿ ನೋಡಿದಳು. "ಬಾಯಿಗೇನೂ ಆಗಿಲ್ಲ, ಪುಣ್ಯ" ಅಂದಳು. ಇವಳು "ಅದೊಂದು ಸ್ವಲ್ಪ ಹೋಗಿದ್ರೂ ನಡೀತಿತ್ತು" ಅಂದಳು.

ಐದು ಗಂಟೆ ಹಿಡಿಯಿತಂತೆ. ತಂತಿ ಡಾಕ್ಟರು ಚಿತ್ರ ತೋರಿಸಿದರು: ಮರ ಇದೆ, ಜಡೆಗಟ್ಟಿದ ಸಿಕ್ಕು ಇಲ್ಲ, ಅಲ್ಲಿ ಅಂಟಿನ ಕಪ್ಪು ಎರಕ. ಮೆದುಳಿನ ಮೇಲಿನ ನಾಳಕ್ಕೆ ಹಿಂದಕ್ಕೆ ನುಗ್ಗುತ್ತಿದ್ದದ್ದು ನಿಂತಿದೆ. ಇನ್ನು ಒಡೆಯುವ ಭಯವಿಲ್ಲ. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಎಷ್ಟು ಸಲ ಉಸಿರು ಹಿಡಿದಿರಿ?" ಅಂದೆ. "ಎಣಿಸಲಿಲ್ಲ" ಅಂದರು.

ಅಂಟನ್ನು ಕರಗಿಸುವ ದ್ರಾವಣದ ದೆಸೆಯಿಂದ ನನ್ನ ಉಸಿರು ಎರಡು ದಿನ ಬೆಳ್ಳುಳ್ಳಿ ನಾರುತ್ತದಂತೆ. ಇವಳು ಕುರ್ಚಿ ದೂರಕ್ಕೆ ಎಳೆದುಕೊಂಡು, ಆಮೇಲೆ ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದಾಳೆ.

ಶ್ ಅನ್ನುವುದು ಇಲ್ಲ. ಆದರೆ ಎಡಗಡೆ ಏನೂ ಇಲ್ಲ. ಹತ್ತಿ ತುರುಕಿದ ಹಾಗೆ. ಕಿವಿಯ ಪಕ್ಕ ಬೆರಳು ಉಜ್ಜಿದೆ, ಯಾರೋ ಪಕ್ಕದ ಬೀದಿಯಲ್ಲಿ ಉಜ್ಜಿದ ಹಾಗಿತ್ತು. "ಒಳಗೆ ಊದಿಕೊಂಡಿರಬಹುದು, ಕಾಯೋಣ. ವಾಪಸ್ ಬರುತ್ತೆ ಅಂತ ನನ್ನ ಅಂದಾಜು" ಅಂದರು. ಅಂದಾಜು ಅನ್ನುವ ಪದವನ್ನು ನಾನೂ ಗಿರಾಕಿಗಳಿಗೆ ಬಹಳ ಸಲ ಹೇಳಿದ್ದೇನೆ.

ಏಪ್ರಿಲ್ 28, ಸೋಮವಾರ

ಮನೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಇವಳು ರಬ್ಬರ್ ಕೊಳವೆ ತಂದು ನನ್ನ ಕಿವಿಯ ಹಿಂದೆ ಒತ್ತಿ ಕೇಳುತ್ತಾಳೆ.

"ಏನಾದ್ರೂ ಇದೆಯಾ?"

"ತಲೆಯಲ್ಲಿ ಏನೂ ಇಲ್ಲ."

ಈ ಮಾತು ಹೇಳಲು ಅವಳಿಗೆ ಎಷ್ಟು ಸಂತೋಷ! ಹೇಳಿಕೊಳ್ಳಲಿ.

ಕಿವಿ ಪರೀಕ್ಷೆ: ಎಡಗಿವಿಗೆ ದಪ್ಪ ದನಿಗಳು ಸ್ವಲ್ಪ ಬಂದಿವೆ, ಸಣ್ಣವು ಇಲ್ಲ. ಶ್ರುತಿ ನೋಡುವ ಉಕ್ಕಿನ ಕವೆ ತಟ್ಟಿ ಹಿಡಿದರೆ ಸ್ವರ ಮಸುಕು. ಮೇಡಂ ಪೆಟ್ಟಿಗೆ ಮೇಜಿನ ಮೇಲೆ ಹಾಗೇ ಇದೆ. ಬಲಗಿವಿಗೆ ಕೊಳವೆ ಹಿಡಿಯುವುದನ್ನು ಕಲಿಯುತ್ತಿದ್ದೇನೆ. ಎಡಗೈಯಲ್ಲಿ ಬರೆದ ಹಾಗೆ ಒಡ್ಡೊಡ್ಡಾಗಿದೆ. ಆದರೂ ಆಗುತ್ತದೆ. ಫ್ರಿಜ್ಜನ್ನು ಒಳಗೆ ತರಿಸಿದೆ. ನಾನೇ ತಳ್ಳಬೇಕೆಂದಿದ್ದೆ, ಭಾರ ಎತ್ತಬಾರದು ಅಂತ ಇವಳು ಬಿಡಲಿಲ್ಲ. ಪಕ್ಕದ ಮನೆಯವರು ತಳ್ಳಿದರು, ನಾನು ತಂತಿ ಹಿಡಿದೆ. ಮಾರ್ಚ್ ಆರರಂದು ಅದನ್ನು ಹೊರಗೆ ತಳ್ಳುವಾಗ ನೀನು ಏನಂದೆ ಅಂತ ಇವಳನ್ನು ಕೇಳಿದೆ.

"ಸದ್ದು ಫ್ರಿಜ್ಜಿಂದಲ್ಲ, ಅದರ ವೈರು ಕಿತ್ತು ಎರಡು ದಿನ ಆಯ್ತು ಅಂತ ಅಂದಿದ್ದೆ."

ಮೇ 4, ಭಾನುವಾರ

ಎಡಗಿವಿಗೆ ಮಳೆಹನಿ ಕೇಳಿಸಿತು ಅನಿಸಿತು. ಭ್ರಮೆಯೂ ಇರಬಹುದು. ಯಾರಿಗೂ ಹೇಳಿಲ್ಲ.

ಮೇ 9, ಶುಕ್ರವಾರ

ಮೇಡಂ ಮಧ್ಯಾಹ್ನ ಬಂದರು. ಅವರು ಬಾಗಿಲು ದಾಟುವ ಮುಂಚೆಯೇ ನಾನು ಎದ್ದು ಕೌಂಟರಿನ ಎಡಗಡೆಗೆ ಬಂದು ನಿಂತೆ, ಅವರ ಒಳ್ಳೆಯ ಕಿವಿ ನನ್ನ ಕಡೆ ಬರುವ ಹಾಗೆ. ಅವರು ಮೂಲೆಗೆ ಹೋಗಬೇಕಾಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ಸೋರಿಕೆ ಸಿಕ್ತಾ?"

"ಸಿಕ್ತು. ಮೂಲೆಯ ಮಡಿಕೆಯಲ್ಲಿ. ನಾನೇ ನಾಲ್ಕನೇ ಸಲ ಬಿಚ್ಚುವಾಗ ಮಾಡಿದ್ದು. ಮುಚ್ಚಿದ್ದೀನಿ. ಕೊನೇ ಸಲ ನೋಡಿ ಕೊಟ್ಟುಬಿಡ್ತೀನಿ."

ಕೊಳವೆಯನ್ನು ಬಲಗಿವಿಗಿಟ್ಟುಕೊಂಡು, ತಿದಿ ಒತ್ತಿ, ಅಂಚಿನುದ್ದಕ್ಕೂ ಸರಿಸುತ್ತ ಹೋದೆ. ಬಲಗಿವಿಯಲ್ಲಿ ನಿಶ್ಶಬ್ದ. ಒಳ್ಳೆಯ, ದಪ್ಪನೆಯ, ಒಂದು ತೂತೂ ಇಲ್ಲದ ನಿಶ್ಶಬ್ದ. ಆ ನಿಶ್ಶಬ್ದದೊಳಗೆ, ಖಾಲಿ ಬಿಟ್ಟಿದ್ದ ಎಡಗಿವಿಯಿಂದ, ಏನೋ ಸಣ್ಣಗೆ ಬಂತು. ನನ್ನ ಕೈ ನಿಂತಿತು.

ಅಡುಗೆಮನೆಯಲ್ಲಿ ಇವಳು ಗುನುಗುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು, ನಾನು ಕೆಲಸಕ್ಕೆ ಕೂತದ್ದು ಗೊತ್ತಿರಲಿಲ್ಲ. ನಲ್ಲಿ ತಿರುಗಿಸಿ ಎರಡು ಸಾಲು, ನಲ್ಲಿ ನಿಲ್ಲಿಸಿ ಒಂದು ಸಾಲು. ಪಲ್ಲವಿಗೆ ಬರುವಾಗ ಉಸಿರು ತೆಗೆದುಕೊಳ್ಳುತ್ತಾಳೆ, ಆ ಉಸಿರೂ ಕೇಳಿಸಿತು. ಮೇಲಿನ ಸ್ವರಕ್ಕೆ ಹೋದಳು, ಮುಟ್ಟಲಿಲ್ಲ. ಕೂದಲೆಳೆಯಷ್ಟು ಕೆಳಗೆ ನಿಂತಳು.

ಕೂದಲೆಳೆಯಷ್ಟು! ಅರ್ಧ ಎಳೆ ಹೆಚ್ಚಲ್ಲ, ಅರ್ಧ ಎಳೆ ಕಡಿಮೆಯಲ್ಲ. ಇದು ಬಲಗಿವಿ ಹೇಳಿದ್ದಲ್ಲ. ಅದಕ್ಕೆ ಕೊಳವೆ ತುರುಕಿತ್ತು.

"ಯಾಕ್ರೀ, ಮತ್ತೆ ಸೋರ್ತಿದೆಯಾ?" ಮೇಡಂ ಗಾಬರಿಯಿಂದ ಎದ್ದರು. "ಕಣ್ಣು ಯಾಕೆ ಹಾಗಾಗಿದೆ?"

"ಕಣ್ಣು ಮಾತ್ರ ಮೇಡಂ. ಪೆಟ್ಟಿಗೆ ಸರಿಯಾಗಿದೆ" ಅಂದೆ.

ನಮ್ಮ ದನಿ ಕೇಳಿ ಒಳಗೆ ಗುನುಗು ನಿಂತಿತು. ಇವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. "ಕೆಲಸ ಮಾಡ್ತಿದ್ರಾ? ಗೊತ್ತಾಗ್ಲಿಲ್ಲ. ಏನು, ಕೆಳಗಿತ್ತಾ?"

"ನನಗೇನೂ ಹಾಗೆ ಕೇಳಲಿಲ್ಲವಪ್ಪ" ಅಂದೆ. "ಎರಡನೇ ಸಾಲು ಅರ್ಧಕ್ಕೇ ಬಿಟ್ಟೆಯಲ್ಲ. ಮುಂದೆ ಹೇಗೆ ಹೋಗುತ್ತೆ?"